ಹೆಡ್‌ಫೋನ್ ಒಲ್ಲೆನೆಂಬ ವಿಜ್ಞಾಪನೆ

ಜನವರಿ 9

ಸಮಸ್ತ ಮೋಡಗಳ ಒಡತಿ, ಗಾಳಿಯ ವೇಗಕ್ಕೆ ಸರ್ಕಾರದ ಪರವಾಗಿ ಸಾಕ್ಷಿ ಹೇಳುವ ಏಕೈಕ ಮಹಿಳೆ, ದ್ವೀಪಾಧೀಶ್ವರಿ, ಚಿಕ್ಕಂದಿನಲ್ಲಿ ನನ್ನ ಎಡಗಿವಿಯನ್ನು ಹಿಂಡಿ ಹಿಂಡಿ ಬಲಗಿವಿಗಿಂತ ಕಾಲಂಗುಲ ಉದ್ದ ಮಾಡಿದ ಕೀರ್ತಿಶಾಲಿನಿ, ಪರಮಪೂಜ್ಯ ಅಕ್ಕನವರ ದಿವ್ಯ ಸನ್ನಿಧಾನಕ್ಕೆ, ಸೈಕಲ್ ರಿಪೇರಿ ಅಂಗಡಿಯ ಮಾಲೀಕನೂ ಅಲ್ಲಿನ ಏಕಮಾತ್ರ ನೌಕರನೂ ಆದ ತಮ್ಮನು ಬಲಗೈಯಲ್ಲಿ ಗ್ರೀಸು, ಎಡಗೈಯಲ್ಲಿ ಪೆನ್ನು ಹಿಡಿದು ಮಾಡಿಕೊಳ್ಳುವ ವಿಜ್ಞಾಪನೆ ಏನೆಂದರೆ:

ತಾವು ದಯಪಾಲಿಸಿದ ಹೆಡ್‌ಫೋನ್, ಸುತ್ತಿದ್ದ ಟವೆಲ್ ಸಮೇತ ತಲುಪಿತು. ಟವೆಲನ್ನು ಸ್ವೀಕರಿಸಲಾಗಿದೆ. ಹೆಡ್‌ಫೋನನ್ನು ನಿರಾಕರಿಸಲಾಗಿದೆ.

ಅಕ್ಕಾ, ಹೋದ ತಿಂಗಳು "ಅಪ್ಪ ದಿನಕ್ಕೆ ನಲವತ್ತೊಂದು ಸಲ ಕುಟ್ಟುತ್ತಾರೆ, ನನ್ನ ತಲೆ ಚಿಟ್ಟು ಹಿಡಿದುಹೋಗಿದೆ" ಅಂತ ಬರೆದದ್ದು ನಿಜ. ಅದು ತಮಾಷೆ ಕಣೇ. ತಮಾಷೆ ಮಾಡಿದವನಿಗೆ ಕಿವಿ ಮುಚ್ಚುವ ಯಂತ್ರ ಕಳಿಸುತ್ತಾರಾ ಯಾರಾದರೂ? ಗಂಟಲಿನ ಆಪರೇಷನ್ ಆಗಿ ಮಾತು ಹೋದಮೇಲೆ ಪಾಪ ಅವರು ಇನ್ನು ಹೇಗೆ ಕರೆಯಬೇಕು? ಮೂವತ್ತು ವರ್ಷ ಬಸ್ಸಿನ ತಗಡು ಬಡಿದ ಕಂಡಕ್ಟರು. ಈಗ ಮೇಲಿನ ಕೋಣೆಯಲ್ಲಿ ಮಲಗಿಕೊಂಡು ಊರುಗೋಲಿನಿಂದ ಹಲಗೆ ನೆಲ ಬಡಿಯುತ್ತಾರೆ. ಕೆಳಗೆ ಅಂಗಡಿಯಲ್ಲಿ ನನ್ನ ನೆತ್ತಿಯ ಮೇಲೆ ಧೂಳು ಉದುರುತ್ತದೆ. ಒಂದು ಬಡಿದರೆ ನಿಲ್ಲಿಸು, ಮೇಲೆ ಬಾ. ಎರಡು ಬಡಿದರೆ ಏನೂ ಬೇಡ, ರೈಟ್, ಹೋಗು. ಕೆಲವು ಸಲ ಒಂದು ಬಡಿದು, ನಾನು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದಾಗ ನಗುತ್ತಾ ಎರಡು ಬಡಿಯುತ್ತಾರೆ. ನನ್ನ ಕುಚೋದ್ಯ ಯಾರ ಕಡೆಯಿಂದ ಬಂದದ್ದು ಅಂತ ಈಗ ಗೊತ್ತಾಯಿತಲ್ಲ.

ಇನ್ನು ಹೆಡ್‌ಫೋನಿನ ಮೇಲಿನ ನನ್ನ ಆಕ್ಷೇಪಣೆಗಳು. ಮೊದಲನೆಯದು, ಅದನ್ನು ಹಾಕಿಕೊಂಡರೆ ಹೊರಗಿನ ಸದ್ದು ಹೋಗುತ್ತದೆ, ಒಳಗಿನದು ಶುರುವಾಗುತ್ತದೆ. ಎಂಜಲು ನುಂಗಿದ್ದು, ಹಲ್ಲು ಕಡಿದದ್ದು, ಎಲ್ಲ ಕೇಳುತ್ತದಂತೆ. ನನ್ನೊಳಗೆ ನಾನೇ ಬಾಡಿಗೆಗೆ ಇದ್ದ ಹಾಗೆ. ಎರಡನೆಯದು ಬಹಳ ಗಂಭೀರವಾದದ್ದು. ಬರೆಯುವಷ್ಟರಲ್ಲಿ ಅಪ್ಪ ಕುಟ್ಟಿದರು, ಹೋಗಿ ಬರುವಷ್ಟರಲ್ಲಿ ಮರೆತೆ. ಮೂರನೆಯದು ವೃತ್ತಿಯ ಪ್ರಶ್ನೆ. ಚಕ್ರದ ಬೆಂಡು ತೆಗೆಯುವವನು ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟಿ ನೋಡಬೇಕು. ಬಿಗಿಯಾದದ್ದು ಟಿಣ್ ಅನ್ನುತ್ತದೆ, ಸಡಿಲವಾದದ್ದು ಸೋಂಬೇರಿಯ ಹಾಗೆ ದಬ್ ಅನ್ನುತ್ತದೆ. ಕಿವಿ ಮುಚ್ಚಿಕೊಂಡು ಬೆಂಡು ತೆಗೆದರೆ ಆ ಸೈಕಲ್ ಹತ್ತಿದವನೇ ಬೆಂಡಾಗುತ್ತಾನೆ.

ಮೊನ್ನೆ ಒಬ್ಬ ಗಿರಾಕಿ ಬಂದ. ಕಿವಿಗಳ ಮೇಲೆ ಎರಡು ಬನ್ನು ಕಟ್ಟಿಕೊಂಡ ಹಾಗೆ ಹೆಡ್‌ಫೋನ್.

"ಏನಾಗಿದೆ ಸಾರ್ ಸೈಕಲ್‌ಗೆ?" ಅಂದೆ.

"ಸಂಜೆ ಬರ್ತೀನಿ" ಅಂದ.

ಕೈ ಕಟ್ಟಿ, ತಲೆ ತಗ್ಗಿಸಿ, "ಸಾರ್, ಹಿಂದಿನ ಚಕ್ರ ತೀರಿಕೊಂಡಿದೆ. ಮುಂದಿನದಕ್ಕೆ ಇನ್ನೂ ವಿಷಯ ತಿಳಿಸಿಲ್ಲ. ದೂರದಲ್ಲಿರೋ ನೆಂಟರು ಯಾರಾದರೂ ಇದ್ದರೆ ಕರೆಸಿಬಿಡಿ" ಅಂದೆ.

"ಆಯ್ತು ಆಯ್ತು, ಥ್ಯಾಂಕ್ಸ್" ಅಂತ ಹೆಬ್ಬೆರಳು ಎತ್ತಿ ಹೋದ.

ಅಪ್ಪನಿಗೆ ಅಭಿನಯ ಸಮೇತ ತೋರಿಸಿದೆ. ಸದ್ದಿಲ್ಲದೆ ಎಷ್ಟು ನಕ್ಕರೆಂದರೆ ಮಂಚ ಕಿರುಗುಟ್ಟಿತು.

ಎಂದಿನಂತೆ ಈ ಪತ್ರವೂ ತಪಾಸಣೆಗೆ ಹೋಗುತ್ತಿದೆ. ಅಪ್ಪ ಪೂರ್ತಿ ಓದಿ, ಟಿಕೆಟ್ಟಿಗೆ ಮಾಡುತ್ತಿದ್ದ ಹಾಗೆ ಬಲಗಡೆಯ ಅಂಚಿಗೆ ತಮ್ಮ ಹಳೆಯ ಪಂಚಿನಿಂದ ತೂತು ಹಾಕಿದ ಮೇಲೆಯೇ ಅಂಚೆಗೆ. ತೂತಿಲ್ಲದ ಪತ್ರ ಟಿಕೆಟ್ಟಿಲ್ಲದ ಪ್ರಯಾಣಿಕನಂತೆ, ಅರ್ಧ ದಾರಿಯಲ್ಲಿ ಇಳಿಸಲು ಅವರಿಗೆ ಪೂರ್ಣ ಅಧಿಕಾರವಿದೆ.

ಇತಿ ತಮ್ಮ ಪಾದಧೂಳಿಯ ಮೇಲೆ ಸ್ಟ್ಯಾಂಡ್ ಹಾಕಿ ನಿಂತ,
ತಮ್ಮ

•

ಜನವರಿ 27

ಚಿಲ್ರೆ,

ಅಪ್ಪ ಇಟ್ಟ ಹೆಸರು ಬಿಟ್ಟು ಬೇರೆ ಯಾವುದೂ ನಿನಗೆ ಹೊಂದುವುದಿಲ್ಲ. ಟವೆಲ್ ನನ್ನದು. ಪಾರ್ಸೆಲ್ ಒಡೆಯಬಾರದು ಅಂತ ಸುತ್ತಿದ್ದು. ವಾಪಸ್ ಕಳಿಸು.

ತಮಾಷೆ ಅಂತ ನೀನು ಹೇಳಿದೆ, ನಾನು ಒಪ್ಪಿದೆ. ಆದರೂ ಒಂದು ಮಾತು. ಹೆಡ್‌ಫೋನ್ ಹಾಕಿಕೋ ಅಂದದ್ದು ಅಪ್ಪ ಕರೆದದ್ದು ಕೇಳಿಸಬಾರದು ಅಂತಲ್ಲ ಕಣೋ. ಮಧ್ಯಾಹ್ನ ಅವರು ನಿದ್ದೆ ಮಾಡುವಾಗ ಒಂದರ್ಧ ಗಂಟೆ. ಮನುಷ್ಯ ಅಂದಮೇಲೆ ಅಷ್ಟು ಬೇಕು. ಇಲ್ಲಿ ನನ್ನ ಮಂಚದ ಗೋಡೆಯ ಆಚೆಯೇ ಜನರೇಟರ್. ಅದಕ್ಕೇ ಹವಾಮಾನ ಕೇಂದ್ರದಿಂದ ನಮಗೆಲ್ಲ ಇವನ್ನು ಕೊಟ್ಟಿದ್ದಾರೆ. ಇದಿಲ್ಲದಿದ್ದರೆ ನಾನು ಗಾಳಿ ಅಳೆಯುವ ಬದಲು ಗಾಳಿಯ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ. ಮೂರು ಗಂಟೆಗೊಮ್ಮೆ ಎದ್ದು ಹೋಗಿ ಉಷ್ಣಾಂಶ, ಒತ್ತಡ, ಗಾಳಿಯ ದಿಕ್ಕು ಬರೆದುಕೊಂಡು ಬರುತ್ತೀನಿ, ಮತ್ತೆ ಕಿವಿ ಮುಚ್ಚಿಕೊಂಡು ಮಲಗುತ್ತೀನಿ. ಸುಖವಾಗಿರುತ್ತೆ. ಸುಖ ಅಂದಕೂಡಲೇ ಒಂಥರಾ ಆಗುತ್ತೆ, ನೀನು ಅಲ್ಲಿ ಒಬ್ಬನೇ ಇದ್ದೀಯಲ್ಲ ಅಂತ.

ಈಗ ಗಂಭೀರವಾಗಿ ಕೇಳು. ನನಗೆ ವರ್ಷಕ್ಕೆ ಒಂದೇ ರಜೆ. ಹಡಗು ಬರುವುದು ಹದಿನೈದು ದಿನಕ್ಕೊಮ್ಮೆ, ಮೂರು ಗಂಟೆ ನಿಂತು ಹೊರಡುತ್ತೆ. ಒಂದರಲ್ಲಿ ಬಂದರೆ ಮುಂದಿನದರಲ್ಲಿ ವಾಪಸ್. ಈಗ ಸುಮ್ಮನೆ ಬಂದು ರಜೆ ಮುಗಿಸಿಕೊಂಡರೆ, ನಿಜವಾಗಿ ಬೇಕಾದಾಗ ಬರೋಕಾಗಲ್ಲ. ವೈರ್‌ಲೆಸ್‌ನಲ್ಲಿ ಸಾವಿನ ಸುದ್ದಿ ಬಿಟ್ಟರೆ ಮನೆ ಮಾತು ಆಡುವ ಹಾಗಿಲ್ಲ. ಡಾಕ್ಟರು ಆಪರೇಷನ್ ದಿನ ನನಗೆ ಹೇಳಿದ್ದು ನಿನಗೂ ಹೇಳಿರ್ತಾರೆ, ಗಂಟಲಿನ ಗಡ್ಡೆ ಮತ್ತೆ ಬರಬಹುದು ಅಂತ.

ಹಾಗಾಗಿ ಒಂದು ಒಪ್ಪಂದ. ಅಪ್ಪನ ತೂತು ಇರುವ ಪತ್ರ ಬರುವವರೆಗೆ ಅವರು ಎದ್ದು ಕೂತು ಓದುತ್ತಿದ್ದಾರೆ, ಕೈ ಗಟ್ಟಿಯಾಗಿದೆ ಅಂದುಕೊಳ್ತೀನಿ. ತೂತಿಲ್ಲದ ಪತ್ರ ಬಂದ ದಿನ ಅದೇ ಹಡಗು ಹತ್ತುತ್ತೀನಿ. 'ಬಾ' ಅಂತ ಬರೆಯುವ ಕಷ್ಟ ನಿನಗಿಲ್ಲ. ನಿನ್ನ ಹುಡುಗಾಟದಲ್ಲಿ ನಿಜ ಎಲ್ಲಿ ಅಡಗಿದೆ ಅಂತ ಹುಡುಕುವ ಕಷ್ಟ ನನಗಿಲ್ಲ.

ಈ ಪತ್ರ ಅಪ್ಪನಿಗೆ ತೋರಿಸಬೇಡ. ಹಠ ಹಿಡಿದು ಕಾಗದವೆಲ್ಲ ತೂತು ಮಾಡಿ ಕಳಿಸಿಯಾರು.

ಅಕ್ಕ

•

ಫೆಬ್ರವರಿ 9

ದ್ವೀಪಾಧೀಶ್ವರಿಯವರ ಸನ್ನಿಧಾನಕ್ಕೆ, ಟವೆಲ್ ಅಪಹರಣ ಪ್ರಕರಣದ ಮೊದಲ ಆರೋಪಿಯ ಸಾಷ್ಟಾಂಗಗಳು.

ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ, ಆದರೆ ಟವೆಲ್ ಕೊಡಲಾರ. ಬಹಳ ಮೆತ್ತಗಿದೆ. ಅಪ್ಪನ ಕತ್ತಿನ ಸುತ್ತ ಹಾಕಲು ಅಷ್ಟು ಮೆತ್ತಗಿನದು ಮನೆಯಲ್ಲಿ ಇನ್ನೊಂದಿಲ್ಲ.

ಹೆಡ್‌ಫೋನನ್ನು ಅಂಗಡಿಯ ಮೊಳೆಗೆ ನೇತುಹಾಕಿದ್ದೇನೆ. ಟ್ಯೂಬುಗಳ ಪಕ್ಕ. ಇಬ್ಬರು ಗಿರಾಕಿಗಳು ಅದು ಯಾವ ಸೈಕಲ್ಲಿನ ಪಾರ್ಟು ಅಂತ ಕೇಳಿದರು. ಅಹಂಕಾರಕ್ಕೆ ಹಾಕುವ ಬ್ರೇಕು ಅಂದೆ.

ಈಗೀಗ ಬೀದಿಯಲ್ಲಿ ನಡೆಯುವಾಗ ನಾನು ಜನರ ಕಿವಿಗಳನ್ನೇ ನೋಡುತ್ತೇನೆ. ನಿನ್ನೆ ಗಂಡ ಹೆಂಡತಿ ಇಬ್ಬರು ಕೈ ಕೈ ಹಿಡಿದು ಹೋಗುತ್ತಿದ್ದರು, ಅವನಿಗೊಂದು ಹೆಡ್‌ಫೋನ್, ಅವಳಿಗೊಂದು. ಅವಳು ಏನೋ ಹೇಳಿದಳು. ಅವನು ಹೂಂ ಅಂದ. ಅವಳು ಮತ್ತೆ ಹೇಳಿದಳು, ಹೂಂ ಅಂದ. ಮೂರನೆಯ ಸಲ ಅವಳು ಹೇಳಲಿಲ್ಲ, ಆದರೂ ಅವನು ಹೂಂ ಅಂದ. ನನಗೆ ಓಡಿಹೋಗಿ ಅವನ ಕೈಯಿಂದ ಅವಳ ಕೈ ಬಿಡಿಸಬೇಕು ಅನ್ನಿಸಿತು. ಯಾವನೋ ದಾರಿಹೋಕನ ಮೇಲೆ ನನಗೇಕೆ ಅಷ್ಟು ಕೋಪ ಬಂತೋ ಗೊತ್ತಿಲ್ಲ. ಒಬ್ಬರು ಕರೆದದ್ದು ಇನ್ನೊಬ್ಬರಿಗೆ ಕೇಳಿಸದೆ ಹೋಗುವುದಿದೆಯಲ್ಲ, ಅದನ್ನು ಜನ ಅಂಗಡಿಗೆ ಹೋಗಿ ಕೊಂಡು ತರುತ್ತಾರೆ ಅಂದರೆ ನನಗೆ ನಂಬಲಿಕ್ಕಾಗುವುದಿಲ್ಲ.

ಇರಲಿ, ಪ್ರವಚನ ಸಾಕು. ಕುಟ್ಟುವಿಕೆ ಈಗ ದಿನಕ್ಕೆ ಇಪ್ಪತ್ಮೂರಕ್ಕೆ ಇಳಿದಿದೆ.

ತಮ್ಮ

(ಬಲ ಅಂಚಿನಲ್ಲಿ, ತೂತಿನ ಕೆಳಗೆ, ಅಪ್ಪನ ಅಕ್ಷರ:) ಇವನು ಬರೆಯೋದ್ರಲ್ಲಿ ಅರ್ಧ ಸುಳ್ಳು. ಬೆಂಡು ಮಾತ್ರ ಚೆನ್ನಾಗಿ ತೆಗೀತಾನೆ. ನೀನು ತಲೆಗೆ ಏನಾದ್ರೂ ಕಟ್ಕೊಂಡು ಓಡಾಡು, ಗಾಳಿ ಒಳ್ಳೇದಲ್ಲ. ಬರೋಕೆ ಅವಸರ ಬೇಡ. ಸೀಟು ಹಿಡಿದಿಟ್ಟಿರ್ತೀನಿ.

•

ಫೆಬ್ರವರಿ 26

ಚಿಲ್ರೆ,

ಅಪ್ಪನ ಅಕ್ಷರ ನೋಡಿ ಎಷ್ಟು ಖುಷಿಯಾಯಿತು ಅಂದರೆ ಇಲ್ಲಿನ ಮುಖ್ಯಸ್ಥರಿಗೂ ಓದಿ ಹೇಳಿದೆ. "ನಿಮ್ಮ ತಂದೆ ಬಸ್ಸು ಇಳಿದರೂ ಡ್ಯೂಟಿ ಇಳಿದಿಲ್ಲ" ಅಂತ ನಕ್ಕರು.

ನಲವತ್ತೊಂದರಿಂದ ಇಪ್ಪತ್ಮೂರು! ಅಂದರೆ ನೋವು ಕಡಿಮೆಯಾಗಿದೆ, ಅಲ್ಲವಾ? ಸ್ವಲ್ಪ ತಾವೇ ಎದ್ದು ನೀರು ಗೀರು ತೆಗೆದುಕೊಳ್ಳುತ್ತಿರಬೇಕು. ನಾನು ಜೂನ್ ಹಡಗಿಗೆ ಬರೋಣ ಅಂತಿದ್ದೀನಿ. ಆಗ ಇಲ್ಲಿ ನನ್ನ ಕೆಲಸಕ್ಕೆ ಬದಲಿ ಜನ ಸಿಗ್ತಾರೆ, ಅಷ್ಟರಲ್ಲಿ ಅಪ್ಪ ಮೆಟ್ಟಿಲು ಇಳಿದು ಅಂಗಡಿ ಮುಂದೆ ಕುರ್ಚಿ ಹಾಕಿಕೊಳ್ಳುವ ಹಾಗೆ ಆಗಿರ್ತಾರೆ.

ಟವೆಲ್ ಅಪ್ಪನಿಗೇ ಇರಲಿ. ಹೆಡ್‌ಫೋನ್ ಮೊಳೆಯಿಂದ ಇಳಿಸಿ ಒಂದು ದಿನ ಹಾಕಿ ನೋಡು. ಇಷ್ಟು ದ್ವೇಷ ಮಾಡೋಕೆ ಅದೇನು ನಿನ್ನ ಹಳೇ ಮೇಷ್ಟ್ರಾ?

ಅಕ್ಕ

•

ಮಾರ್ಚ್ 10

ಪೂಜ್ಯ ಅಕ್ಕನವರಿಗೆ,

ಅಂಗಡಿಯನ್ನು ಮಹಡಿಗೆ ವರ್ಗಾಯಿಸಲಾಗಿದೆ ಎಂದು ತಿಳಿಸಲು ಹರ್ಷಿಸುತ್ತೇನೆ. ಚಕ್ರದ ಸ್ಟ್ಯಾಂಡನ್ನು ಅಪ್ಪನ ಮಂಚದ ಪಕ್ಕಕ್ಕೇ ತಂದಿದ್ದೇನೆ. ಇಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ಗಿರಾಕಿಗಳು ಬೀದಿಯಲ್ಲಿ ನಿಂತು ಕೂಗುತ್ತಾರೆ, ನಾನು ಕಿಟಕಿಯಿಂದ ತೀರ್ಪು ಕೊಡುತ್ತೇನೆ. ಬಹಳ ಘನತೆ ಬಂದಿದೆ.

ಕುಟ್ಟುವಿಕೆ ದಿನಕ್ಕೆ ಒಂಬತ್ತು.

ಡಾಕ್ಟರು ಬಂದಿದ್ದರು. ಅವರ ಸೈಕಲ್ಲಿನ ಹಿಂದಿನ ಬ್ರೇಕು ಸವೆದಿತ್ತು, ಹೊಸದು ಹಾಕಿಕೊಟ್ಟೆ.

ಅಪ್ಪ ಈ ಸಲ ಅಂಚಿನಲ್ಲಿ ಏನೂ ಬರೆದಿಲ್ಲ. ನನ್ನ ಕಾಗದದ ಮೇಲೆ ಗ್ರೀಸಿನ ಕಲೆಯಂತೆ, ಮುಟ್ಟಲು ಒಪ್ಪಲಿಲ್ಲ. ತೂತು ಮಾತ್ರ ಹಾಕಿದ್ದಾರೆ, ನೋಡಿಕೋ.

ಹೆಡ್‌ಫೋನ್ ಹಾಕಿಲ್ಲ. ಹಾಕುವುದೂ ಇಲ್ಲ. ಆ ವಿಷಯ ಬಿಡು.

ತಮ್ಮ

•

ಮಾರ್ಚ್ 28

ಚಿಲ್ರೆ,

ನಿನ್ನ ಪತ್ರ ಹಡಗಿನವರು ಕೈಗೆ ಕೊಟ್ಟಕೂಡಲೇ ಬೆಳಕಿಗೆ ಹಿಡಿದು ತೂತು ನೋಡಿದೆ. ಇತ್ತು. ಸಮಾಧಾನವಾಯಿತು.

ಆದರೆ ಎಡಗಡೆಯ ಅಂಚಿನಲ್ಲಿದೆ. ಅಪ್ಪ ಯಾವಾಗಲೂ ಬಲಗಡೆ ಹಾಕೋರು. ಬಲಭುಜದ ಹಳೇ ನೋವು ಮತ್ತೆ ಬಂದಿರಬೇಕು, ಎಡಗೈಯಲ್ಲಿ ಒತ್ತಿದ್ದಾರೆ ಅನ್ನಿಸುತ್ತೆ. ಬಿಸಿನೀರಿನ ಶಾಖ ಕೊಡು.

ಒಂಬತ್ತೇ ಸಲ ಅಂದರೆ ನಂಬೋಕಾಗ್ತಿಲ್ಲ. ನೀನು ಪಕ್ಕದಲ್ಲೇ ಇರೋದರಿಂದ ಕುಟ್ಟುವ ಅಗತ್ಯ ಇಲ್ಲವೇನೋ. ಜೂನ್ 12ರ ಹಡಗಿಗೆ ರಜೆ ಬರೆದುಕೊಟ್ಟಿದ್ದೀನಿ. ಅಪ್ಪನಿಗೆ ಹೇಳು, ಸೀಟು ಬೇರೆ ಯಾರಿಗೂ ಕೊಡಬೇಡಿ ಅಂತ.

ಅಕ್ಕ

•

ಏಪ್ರಿಲ್ 9

ಅಕ್ಕಾ,

ಬಿರುದುಗಳೆಲ್ಲ ಖಾಲಿಯಾಗಿವೆ, ಹೊಸ ಸ್ಟಾಕು ಬಂದಿಲ್ಲ.

ನೀನು ಹೇಳಿದ ಹಾಗೇ. ಎಡಗೈಯಲ್ಲೇ ಒತ್ತಿದ್ದು. ಶಾಖ ಕೊಡುತ್ತಿದ್ದೇನೆ.

ಜೂನ್ ಅಂತ ಹೇಳಿದೆ. ತಲೆ ಆಡಿಸಿದರು.

ಕೆಲಸ ಇದೆ. ಒಂದು ಮಕ್ಕಳ ಸೈಕಲ್, ಪುಟ್ಟ ಚಕ್ರ, ಇಪ್ಪತ್ತೇ ಕಡ್ಡಿ. ಬೆಳಗಿನಿಂದ ಮೀಟುತ್ತಾ ಕೂತಿದ್ದೇನೆ. ಅಪ್ಪನಿಗೆ ಆ ಸದ್ದು ಇಷ್ಟ ಅನ್ನಿಸುತ್ತದೆ.

ತಮ್ಮ

•

ಏಪ್ರಿಲ್ 17. ವೈರ್‌ಲೆಸ್ ಕಚೇರಿಯ ಮೂಲಕ.

ಅಪ್ಪ ಇಂದು ಬೆಳಿಗ್ಗೆ ಹೋದರು. ತಮ್ಮ.

•

ಏಪ್ರಿಲ್ 27

ತಮ್ಮಾ,

ಹತ್ತು ದಿನದಿಂದ ಬರೆದು ಬರೆದು ಹರಿದೆ. ನಾಳೆ ಹಡಗು, ಇವತ್ತು ಬರೆಯಲೇಬೇಕು.

ಸುದ್ದಿ ಬಂದಾಗ ನಾನು ಗಾಳಿಯ ವೇಗ ಬರೆದುಕೊಳ್ಳುತ್ತಿದ್ದೆ. ಮುಖ್ಯಸ್ಥರು ಬಂದು ಎದುರಿಗೆ ನಿಂತು ಏನೋ ಹೇಳಿದರು. ನನ್ನ ಕಿವಿ ಮೇಲೆ ಅದಿತ್ತು. ಎರಡನೇ ಸಲ ಹೇಳಿದರು. ನಾನು ಕೈ ಎತ್ತಿ "ಆಮೇಲೆ" ಅಂದೆ. ಅವರೇ ಮೆಲ್ಲಗೆ ನನ್ನ ಹೆಡ್‌ಫೋನ್ ತೆಗೆದು ಮೂರನೇ ಸಲ ಹೇಳಿದರು.

ನಿನ್ನ ಪತ್ರಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಕೂತಿದ್ದೀನಿ. ಎಲ್ಲದಕ್ಕೂ ಬಲಗಡೆ ತೂತು. ಕೊನೆಯ ಎರಡಕ್ಕೆ ಎಡಗಡೆ. ನೀನು ಎಡಚ. ಚಿಕ್ಕಂದಿನಿಂದ ನಿನ್ನ ಪಕ್ಕ ಊಟಕ್ಕೆ ಕೂತವಳು, ಮೊಣಕೈ ತಾಗಿಸಿಕೊಂಡು ಬೈದವಳು ನಾನು. ನನಗೆ ಗೊತ್ತಿರಲಿಲ್ಲವಾ? ಮಾರ್ಚ್ 14ರಂದು ಆ ಪತ್ರ ಹಿಡಿದು ದಡದಲ್ಲಿ ನಿಂತಿದ್ದೆ. ಹಡಗು ಮೂರು ಗಂಟೆ ನಿಂತಿತ್ತು. ತೂತು ಎಡಗಡೆ ಇದೆಯಲ್ಲ ಅಂತ ಅನ್ನಿಸಿತು. ತೂತು ಇದೆಯಲ್ಲ ಅಂತ ಸುಮ್ಮನಾದೆ. ಭುಜದ ನೋವು ಅಂತ ನಾನೇ ಒಂದು ಕಥೆ ಕಟ್ಟಿ ನಿನಗೆ ಬರೆದೆ. ನೀನು ಅದನ್ನೇ ನನಗೆ ವಾಪಸ್ ಬರೆದೆ. ನಿನ್ನೊಬ್ಬನನ್ನೇ ಹೇಗೆ ಬೈಯಲಿ?

ಆದರೂ ಬೈಯಬೇಕು ಅನ್ನಿಸುತ್ತೆ. ಆ ಹಡಗು ಹತ್ತಿದ್ದರೆ ಹದಿನೈದು ದಿನ ಇರುತ್ತಿದ್ದೆ ಕಣೋ ಅಪ್ಪನ ಜೊತೆ. ಮುಂದೆಂದಾದರೂ ಕ್ಷಮಿಸಬಹುದು, ಇವತ್ತು ಆಗುತ್ತಿಲ್ಲ. ನನ್ನ ರಜೆ ಹಾಗೇ ಉಳಿದಿದೆ. ಅದನ್ನು ಏನು ಮಾಡಲಿ, ನೀನೇ ಹೇಳು.

ಒಂದು ಕೇಳ್ತೀನಿ, ತಮಾಷೆ ಮಾಡದೆ ಉತ್ತರ ಬರಿ. ಅಪ್ಪ ನನ್ನನ್ನ ಕೇಳಿದರಾ?

ಒಂದೇ ಒಂದು ಸಮಾಧಾನ ನನಗೆ. ಎಷ್ಟು ಹೇಳಿದರೂ ನೀನು ಆ ಹಾಳು ಹೆಡ್‌ಫೋನ್ ಹಾಕಿಕೊಳ್ಳಲಿಲ್ಲ. ಅವರು ಕುಟ್ಟಿದ ಪ್ರತಿಯೊಂದು ಸಲವೂ ನಿನಗೆ ಕೇಳಿಸಿದೆ. ನಾನಾಗಿದ್ದರೆ ಹಾಕಿಕೊಳ್ಳುತ್ತಿದ್ದೆ. ಆ ವಿಷಯದಲ್ಲಿ ನೀನು ನನಗಿಂತ ಒಳ್ಳೆಯ ಮಗ.

ಅಕ್ಕ

•

ಮೇ 9

ಅಕ್ಕಾ,

ಕೇಳಿದರು. ಮಾರ್ಚ್ ಆರಕ್ಕೆ ಸ್ಲೇಟಿನ ಮೇಲೆ "ಅವಳು ಯಾವ ಹಡಗಿಗೆ?" ಅಂತ ಬರೆದರು. "ಮುಂದಿನದಕ್ಕೆ" ಅಂದೆ. ಆ ಹಡಗಿನ ದಿನ ಬಂತು, ಹೋಯಿತು. ಮತ್ತೆ ಕೇಳಲಿಲ್ಲ. ಕೇಳಿದ್ದರೆ ಮತ್ತೆ ಅದನ್ನೇ ಹೇಳುತ್ತಿದ್ದೆ.

ಮಾರ್ಚ್ ಹತ್ತರಂದು ಪತ್ರ ಓದಿ ಹೇಳಿದೆ, ಹಿಡಿದು ಓದುವುದು ಆಗ ಅವರಿಗೆ ಆಗುತ್ತಿರಲಿಲ್ಲ. ಪಂಚನ್ನು ಕೈಗೆ ಕೊಟ್ಟೆ. ಬೆರಳು ಮಡಚಿದವು, ಆದರೆ ಒತ್ತಲಿಕ್ಕಾಗಲಿಲ್ಲ. ಎರಡು ಸಲ ಒತ್ತಿ ನೋಡಿದರು. ಆಮೇಲೆ ಅದನ್ನು ಹಾಸಿಗೆಯ ಮೇಲೆ ಇಟ್ಟು ಕಿಟಕಿಯ ಕಡೆ ತಿರುಗಿದರು. ನಾನು ಕೆಳಗೆ ಹೋಗಿ ಹಾಕಿದೆ ಆ ತೂತು. ನಿನ್ನನ್ನು ತಡೆಯಬೇಕು ಅಂತಲ್ಲ. ತೂತಿಲ್ಲದ ಪತ್ರ ಅಂಚೆ ಡಬ್ಬಿಗೆ ಹಾಕಿದರೆ, ಅಪ್ಪ ಹೋಗುತ್ತಾರೆ ಅಂತ ನಾನೇ ಸಹಿ ಮಾಡಿದ ಹಾಗಾಗುತ್ತಿತ್ತು. ತೂತು ಇರುವವರೆಗೆ ಅಪ್ಪ ಇರುತ್ತಾರೆ ಅಂತ ನೀನು ಬರೆದೆ. ಅದನ್ನು ನಿನಗಿಂತ ಹೆಚ್ಚು ನಂಬಿದವನು ನಾನು. ಏಪ್ರಿಲ್ ಒಂಬತ್ತರಂದು ಅವರು ತಲೆ ಆಡಿಸಿದರು ಅಂತ ಬರೆದದ್ದೂ ಸುಳ್ಳು. ಆ ಹೊತ್ತಿಗೆ ನಾನು ಹೇಳಿದ್ದು ಅವರಿಗೆ ತಿಳಿಯುತ್ತಿತ್ತೋ ಇಲ್ಲವೋ.

ಹೋದದ್ದು ಬೆಳಿಗ್ಗೆ ಏಳೂವರೆಗೆ. ನಾನು ಪಕ್ಕದಲ್ಲೇ ಇದ್ದೆ, ಚಮಚದಲ್ಲಿ ಕೊಡಲು ಟೀ ಆರಿಸುತ್ತಿದ್ದೆ. ನೋವು ಇದ್ದ ಹಾಗೆ ಕಾಣಲಿಲ್ಲ. ಇದು ಸುಳ್ಳಲ್ಲ.

ರಜೆ ಏನು ಮಾಡಲಿ ಅಂದೆ. ಬಾ. ಬೈಯಲಿಕ್ಕಾದರೂ ಬಾ. ಈ ಮನೆಯಲ್ಲಿ ಯಾರಾದರೂ ಏನಾದರೂ ಒಂದು ಸದ್ದು ಮಾಡಬೇಕು.

ನಾನು ಒಳ್ಳೆಯ ಮಗ ಅಂತ ಬರೆದಿದ್ದೀಯ. ಆ ಸಾಲನ್ನು ಹೊಡೆದುಹಾಕು. ಪಾರ್ಸೆಲ್ ಬಂದ ದಿನವೇ, ಜನವರಿ ಎಂಟರ ಮಧ್ಯಾಹ್ನ, ಅಂಗಡಿಯ ಬಾಗಿಲು ಓರೆ ಮಾಡಿ ಅದನ್ನು ಹಾಕಿಕೊಂಡು ಕೂತಿದ್ದೆ. ಹಾಡಿಲ್ಲ, ಏನಿಲ್ಲ, ಬರೀ ಕಿವಿ ಮುಚ್ಚಿಕೊಂಡು. ಒಂದು ಇಪ್ಪತ್ತು ನಿಮಿಷ ಇರಬಹುದು. ಆಗ ಅಪ್ಪ ಕುಟ್ಟಿದರೋ ಇಲ್ಲವೋ ಗೊತ್ತಿಲ್ಲ, ಮೇಲೆ ಹೋಗಿ ಕೇಳುವ ಧೈರ್ಯವೂ ಬರಲಿಲ್ಲ. ನನ್ನ ಆಕ್ಷೇಪಣೆಗಳನ್ನೆಲ್ಲ ಮಾರನೆಯ ದಿನ ಕೂತು ಹೆಣೆದದ್ದು. ಅದರ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ.

ತುಂಬಾ ಹಾಯಾಗಿತ್ತು, ಅಕ್ಕಾ.

ತಮ್ಮ